ಹಳೇ ಪಿಕಪ್ ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗ್ತಿಲ್ವಾ? ಪಂಪ್ ಬಿಚ್ಚಿಸುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಮೂಡಿಗೆರೆ ಕಡೆಯವನು, ಸಣ್ಣ ಕಾಫಿ ತೋಟ ಇದೆ. ನನ್ನ ಹತ್ತಿರ 2007ರ ಡೀಸೆಲ್ ಪಿಕಪ್ ಇದೆ. ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವುದು ಹಳೇ ಕಾಲದ ಮೆಕ್ಯಾನಿಕಲ್ ಪಂಪ್, ಮೀಟರ್ 2.40 ಲಕ್ಷ ಕಿ.ಮೀ. ದಾಟಿದೆ. ಎರಡು ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಆರೇಳು ಸಲ ಸೆಲ್ಫ್ ಹೊಡೆಯಬೇಕು. ಒಮ್ಮೆ ಸ್ಟಾರ್ಟ್ ಆದರೆ ಸಂಜೆವರೆಗೆ ಒಂದೇ ಸೆಲ್ಫಿಗೆ ಹಿಡಿಯುತ್ತದೆ. ಒಬ್ಬ ಮೆಕ್ಯಾನಿಕ್ ಪಂಪ್, ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿ) ಬಿಚ್ಚಬೇಕು ಅಂದರು. ಇನ್ನೊಬ್ಬರು ಎಂಜಿನ್ ಬೋರ್ ಹೋಗಿದೆ, ಅಂದರೆ ಸಿಲಿಂಡರ್ ಒಳಗೋಡೆ ಸವೆದಿದೆ ಅಂದರು. ಉಜಿರೆ ಕಡೆಯಿಂದ ಲೋಡ್ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಹೀಟ್ ಮುಳ್ಳು ಕೂಡ ಮೇಲಕ್ಕೆ ಹೋಗುತ್ತದೆ. ಆಯಿಲ್, ಫಿಲ್ಟರ್ ನಾನೇ ಬದಲಾಯಿಸಿಕೊಳ್ಳುತ್ತೇನೆ. ಮನೆಯಲ್ಲೇ ಏನೇನು ನೋಡಬಹುದು? ಈ ಗಾಡಿ ಇಟ್ಟುಕೊಳ್ಳಲಾ, ಕೊಟ್ಟುಬಿಡಲಾ?

ಉತ್ತರ: ನಮಸ್ಕಾರ. ಪಂಪ್ ಬಿಚ್ಚುವ ಮಾತನ್ನು ಒಂದು ವಾರ ಮುಂದಕ್ಕೆ ಹಾಕಿ. ಬೋರ್ ಮಾತನ್ನೂ ಅಷ್ಟೇ. ನಿಮ್ಮ ಪ್ರಶ್ನೆಯಲ್ಲೇ ಒಂದು ಒಳ್ಳೇ ಸುಳಿವಿದೆ. ಬೆಳಗ್ಗೆ ಮಾತ್ರ ತೊಂದರೆ, ಆಮೇಲೆ ಇಡೀ ದಿನ ಒಂದೇ ಸೆಲ್ಫಿಗೆ ಹಿಡಿಯುತ್ತದೆ ಅಂದಿದ್ದೀರಿ. ಅಂದರೆ ರಾತ್ರಿ ಎಂಟು ಹತ್ತು ಗಂಟೆ ಸುಮ್ನೆ ನಿಂತಾಗ ಗಾಡಿಯಲ್ಲಿ ಏನೋ ಆಗುತ್ತಿದೆ. ಸವೆದುಹೋದ ರೋಟರಿ ಪಂಪ್ (ತಿರುಗುತ್ತಾ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವಂಥದ್ದು) ಸಾಮಾನ್ಯವಾಗಿ ಇದಕ್ಕೆ ಉಲ್ಟಾ ನಡೆದುಕೊಳ್ಳುತ್ತದೆ. ಬೆಳಗ್ಗೆ ಹೇಗೋ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ನಿಲ್ಲಿಸಿದರೆ ಹಿಡಿಯೋದಿಲ್ಲ. ಡೀಸೆಲ್ ಬಿಸಿಯಾದರೆ ತೆಳ್ಳಗಾಗುತ್ತದೆ, ಸವೆದ ಪಂಪಿನ ಒಳಗೇ ಸೋರಿ ಪ್ರೆಷರ್ ಬೀಳುತ್ತದೆ. ನಿಮ್ಮ ಗಾಡಿ ಹಾಗೆ ಮಾಡುತ್ತಿಲ್ಲ. ಅದಕ್ಕೇ ಪಂಪಿನ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ.

ನಾಳೆ ಬೆಳಗ್ಗೆ ಒಂದೇ ಒಂದು ಕೆಲಸ ಮಾಡಿ. ಮನೆಯವರು ಯಾರನ್ನಾದರೂ ಗಾಡಿಯ ಹಿಂದೆ, ಸೈಲೆನ್ಸರ್ ಪೈಪ್ ಕಾಣುವ ಹಾಗೆ ಪಕ್ಕಕ್ಕೆ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ನೀವು ಸೆಲ್ಫ್ ಹೊಡೆಯುವಾಗ ಹೊಗೆ ಬರುತ್ತದಾ ಇಲ್ವಾ ಅಂತ ಅವರು ನೋಡಲಿ. ಎಂಜಿನ್ ತಿರುಗುತ್ತಿದೆ, ಸ್ಟಾರ್ಟ್ ಆಗುತ್ತಿಲ್ಲ, ಪೈಪಿನಿಂದ ಚೂರೂ ಹೊಗೆ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ಲೇ ಹೋಗುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆ, ಕಣ್ಣು ಉರಿಯುತ್ತಿದೆ, ಹಸಿ ಡೀಸೆಲ್ ವಾಸನೆ ಇದೆ ಅಂದರೆ ಡೀಸೆಲ್ ಹೋಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ. ಈ ಎರಡಕ್ಕೂ ದಾರಿ ಬೇರೆ ಬೇರೆ. ಇದನ್ನು ನೋಡದೆ ಯಾವ ನಟ್ಟಿಗೂ ಸ್ಪ್ಯಾನರ್ ಹಾಕಬೇಡಿ. ನಿಮ್ಮ ಕಡೆ ಬೆಳಗಿನ ಮಂಜಿನಲ್ಲಿ ನೀರಾವಿ ಕೂಡ ಹೊಗೆಯ ಹಾಗೇ ಕಾಣುತ್ತದೆ. ನೀರಾವಿ ಎರಡು ಅಡಿ ಮೇಲೆ ಹೋಗಿ ಮಾಯ ಆಗುತ್ತದೆ. ಹತ್ತದ ಡೀಸೆಲ್ ಹೊಗೆ ಹಾಗೇ ತೇಲಾಡುತ್ತದೆ, ಮೂಗಿಗೆ ಹೊಡೆಯುತ್ತದೆ.

ಹೊಗೆಯೇ ಬರಲಿಲ್ಲ ಅನ್ನೋಣ. ನೀವು ಹೇಳಿದ ಲಕ್ಷಣಕ್ಕೆ ಇದೇ ಜಾಸ್ತಿ ಹೊಂದುತ್ತದೆ. ಆಗ ಮೊದಲ ಅನುಮಾನ ಡೀಸೆಲ್ ಲೈನಿಗೆ ಗಾಳಿ ಸೇರುತ್ತಿದೆ ಅನ್ನೋದು. ಶೆಡ್‌ಗಳಲ್ಲಿ 'ಏರ್ ತಗೊಳ್ತಿದೆ' ಅಂತಾರಲ್ಲ, ಅದೇ. ಟ್ಯಾಂಕ್ ಕೆಳಗಿರುತ್ತದೆ, ಪಂಪ್ ಅದಕ್ಕಿಂತ ಮೇಲಿರುತ್ತದೆ. ಫೀಡ್ ಪಂಪ್ ಡೀಸೆಲ್ಲನ್ನು ಕೆಳಗಿನಿಂದ ಎಳೆದುಕೊಳ್ಳಬೇಕು. ಆ ಎಳೆಯುವ ಕಡೆಯ ಪೈಪಿನಲ್ಲಿ ಎಲ್ಲಾದರೂ ಕೂದಲಷ್ಟು ಬಿರುಕು ಬಿಟ್ಟಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಎಷ್ಟೋ ಜನ ಇಲ್ಲೇ ಮೋಸ ಹೋಗುವುದು. 'ಎಲ್ಲೂ ಸೋರ್ತಿಲ್ಲ ಸರ್, ಪೈಪ್ ಎಲ್ಲ ಸರಿಯಿದೆ' ಅನ್ನುತ್ತಾರೆ. ಎಂಜಿನ್ ಓಡುವಾಗ ಒಂದೆರಡು ಗುಳ್ಳೆ ಬಂದರೂ ಪಂಪ್ ಸಹಿಸಿಕೊಳ್ಳುತ್ತದೆ. ರಾತ್ರಿ ಇಡೀ ನಿಂತಾಗ ಆ ಬಿರುಕಿನಿಂದ ಗಾಳಿ ಸೇರಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಬೆಳಗ್ಗೆ ನೀವು ಆರೇಳು ಸಲ ಸೆಲ್ಫ್ ಹೊಡೆಯುತ್ತಿರುವುದು ಖಾಲಿ ಪೈಪ್ ತುಂಬಿಸೋಕೆ.

ಇದನ್ನು ಪರೀಕ್ಷೆ ಮಾಡೋಕೆ ಒಂದು ರೂಪಾಯಿಯೂ ಬೇಡ. ಡೀಸೆಲ್ ಫಿಲ್ಟರ್ ಮೇಲೆ, ಇಲ್ಲಾ ಫೀಡ್ ಪಂಪ್ ಪಕ್ಕ, ಕೈಯಲ್ಲಿ ಒತ್ತುವ ಹ್ಯಾಂಡ್ ಪಂಪ್ ಇರುತ್ತದೆ. ಬೆಳಗ್ಗೆ ಸೆಲ್ಫ್ ಮುಟ್ಟುವ ಮುಂಚೆ ಅದನ್ನು ಒತ್ತಿ, ಎಷ್ಟು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ ಅಂತ ಎಣಿಸಿ. ನಾಲ್ಕೈದು ಸಲಕ್ಕೇ ಗಟ್ಟಿಯಾದರೆ ಲೈನ್ ತುಂಬಿದೆ, ಗಾಳಿ ಇಲ್ಲ. ಇಪ್ಪತ್ತು ಮೂವತ್ತು ಸಲ ಮೆತ್ತಗೆ ಒಳಗೆ ಹೋಗಿ, ಆಮೇಲೆ ಗಟ್ಟಿಯಾಗಿ, ಆಗ ಒಂದೇ ಸೆಲ್ಫಿಗೆ ಎಂಜಿನ್ ಹಿಡಿದರೆ ಕಾಯಿಲೆ ಸಿಕ್ಕಿತು. ಪಂಪೂ ಅಲ್ಲ, ಬೋರೂ ಅಲ್ಲ. ಎಷ್ಟು ಒತ್ತಿದರೂ ಗಟ್ಟಿಯೇ ಆಗದಿದ್ದರೆ ಹ್ಯಾಂಡ್ ಪಂಪಿನ ಒಳಗಿನ ವಾಲ್ವ್ ಅಥವಾ ರಬ್ಬರೇ ಹೋಗಿರಬಹುದು. ಗಾಳಿ ಅಲ್ಲಿಂದಲೂ ಸೇರುತ್ತದೆ.

ಇನ್ನು ಗಾಳಿ ಎಲ್ಲಿಂದ ಅಂತ ಹುಡುಕಬೇಕು. ಪೇಟೆಯಲ್ಲಿ ಒಳಗಿರುವುದು ಕಾಣುವಂಥ, ಡೀಸೆಲ್ ತಡೆಯುವ ಪ್ಲಾಸ್ಟಿಕ್ ಪೈಪ್ ಒಂದು ಅಡಿ ತನ್ನಿ. ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ, ಆ ಜಾಗಕ್ಕೆ ಇದನ್ನು ಕ್ಲಿಪ್ ಹಾಕಿ ಕೂರಿಸಿ. ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ಟಾರ್ಚ್ ಬಿಟ್ಟು ನೋಡಿ. ಡೀಸೆಲ್ ಗಾಜಿನ ಕಡ್ಡಿಯ ಹಾಗೆ ನಿಂತಿರಬೇಕು, ಹರಿಯುತ್ತಿರುವುದೇ ಗೊತ್ತಾಗಬಾರದು. ಸೋಡಾ ಬಾಟಲಿಯಲ್ಲಿ ಬರುವ ಹಾಗೆ ಸಣ್ಣ ಗುಳ್ಳೆಗಳ ಸಾಲು ಓಡುತ್ತಿದ್ದರೆ ಗಾಳಿ ಸೇರುತ್ತಿದೆ. ಆಮೇಲೆ ಅದೇ ಪೈಪನ್ನು ಫಿಲ್ಟರಿಗೆ ಮುಂಚೆ, ಟ್ಯಾಂಕಿನ ಕಡೆಯ ಲೈನಿಗೆ ಹಾಕಿ ನೋಡಿ. ಅಲ್ಲಿ ಗುಳ್ಳೆ ಇಲ್ಲದೆ ಫಿಲ್ಟರ್ ದಾಟಿದ ಮೇಲೆ ಬಂದರೆ ತಪ್ಪು ಫಿಲ್ಟರ್ ತಲೆಯಲ್ಲಿದೆ. ಅಲ್ಲೂ ಗುಳ್ಳೆ ಇದ್ದರೆ ಟ್ಯಾಂಕಿನ ಕಡೆ ಹೋಗಬೇಕು. ಫ್ಯಾನ್, ಬೆಲ್ಟ್ ಹತ್ತಿರ ಕೈ, ಬಟ್ಟೆ ಹೋಗದ ಹಾಗೆ ಜಾಗ್ರತೆ. ನೋಡಿ ಆದ ಮೇಲೆ ಆ ಪ್ಲಾಸ್ಟಿಕ್ ಪೈಪ್ ತೆಗೆದು ಸರಿಯಾದ ರಬ್ಬರ್ ಪೈಪ್ ಹಾಕಿಬಿಡಿ. ಎಂಜಿನ್ ಬಿಸಿಗೆ ಅದು ಹೆಚ್ಚು ದಿನ ತಾಳುವುದಿಲ್ಲ.

ಫಿಲ್ಟರ್ ನೀವೇ ಬದಲಾಯಿಸುತ್ತೀರಿ ಅಂದಿರಿ, ಅದಕ್ಕೇ ಇದನ್ನು ಕೇಳುತ್ತೇನೆ. ಕಳೆದ ಸಲ ಹಾಕುವಾಗ ಹಳೇ ರಬ್ಬರ್ ರಿಂಗ್ ತೆಗೆದಿದ್ದು ನೆನಪಿದೆಯಾ? ಎಷ್ಟೋ ಸಲ ಹಳೇ ರಿಂಗ್ ಫಿಲ್ಟರ್ ತಲೆಗೇ ಅಂಟಿಕೊಂಡಿರುತ್ತದೆ. ಕಪ್ಪು ಲೋಹ, ಕಪ್ಪು ರಬ್ಬರ್, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೇ ಹೊಸ ರಿಂಗ್ ಕೂತರೆ ಎರಡೂ ಸರಿಯಾಗಿ ಹಿಡಿಯುವುದಿಲ್ಲ. ತೊಂದರೆ ಶುರುವಾಗಿ ಎರಡು ತಿಂಗಳು ಅಂದಿರಿ. ಫಿಲ್ಟರ್ ಬದಲಾಯಿಸಿದ್ದೂ ಅದೇ ಹೊತ್ತಿಗಾ? ಹೌದು ಅಂದರೆ ಮೊದಲು ಅಲ್ಲಿ ನೋಡಿ. ಬೆರಳಿನ ಉಗುರು ಹಾಕಿ ಸುತ್ತ ಕೆರೆದು ನೋಡಿ.

ಅದಾದ ಮೇಲೆ ಡೀಸೆಲ್ ಪೈಪಿನ ತುದಿ ಹಿಡಿದಿಡುವ, ನಡುವೆ ತೂತಿರುವ ಬ್ಯಾಂಜೋ ಬೋಲ್ಟ್‌ಗಳ ತಾಮ್ರದ ವಾಷರ್. ಒಮ್ಮೆ ಬಿಗಿ ಮಾಡಿದ ವಾಷರ್ ಒತ್ತಿ ಗಟ್ಟಿಯಾಗಿರುತ್ತದೆ, ಎರಡನೇ ಸಲ ಹಾಕಿದರೆ ಕೂರುವುದಿಲ್ಲ. ಹಳೇ ಫಿಟ್ಟರ್‌ಗಳು ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳುತ್ತಿದ್ದರು, ಅದು ನಡೆಯುತ್ತದೆ. ಆದರೆ ಹೊಸ ವಾಷರಿಗೆ ಚಿಲ್ಲರೆ ಕಾಸು, ಹೊಸದೇ ಹಾಕಿ. ಬಿಚ್ಚಿದ ಪ್ರತಿ ಕಡೆ ಎರಡು ವಾಷರ್ ಇರುತ್ತವೆ, ಎರಡೂ ಬದಲಾಗಬೇಕು. ವಾಟರ್ ಸೆಪರೇಟರ್ ಕೆಳಗಿನ ನೀರು ಬಿಡುವ ಸ್ಕ್ರೂ, ನಾಝಲ್ ಮೇಲಿನ ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ತೆಳ್ಳಗಿನ ರಿಟರ್ನ್ ಪೈಪ್‌ಗಳು, ಲೋಡ್ ಬಾಡಿ ಕೆಳಗೆ ಟ್ಯಾಂಕಿನ ಹತ್ತಿರದ ರಬ್ಬರ್ ಪೈಪ್, ಇವನ್ನೆಲ್ಲ ಮುಟ್ಟಿ ನೋಡಬೇಕು. ಬರೀ ನೋಡಿದರೆ ಸಾಲದು. ಕ್ಲಿಪ್ ಸಡಿಲಿಸಿ ಪೈಪನ್ನು ಬಗ್ಗಿಸಿ, ಬಿರುಕು ಇರುವುದು ಕ್ಲಿಪ್ಪಿನ ಅಡಿಯಲ್ಲೇ. ಪೈಪ್ ಹೊಸದು ಹಾಕುವಾಗ ಡೀಸೆಲ್ ಪೈಪೇ ಕೇಳಿ ತನ್ನಿ. ತೋಟದ ನೀರಿನ ಪೈಪ್ ಕತ್ತರಿಸಿ ಹಾಕಿದವರನ್ನು ನೋಡಿದ್ದೇನೆ, ಡೀಸೆಲ್ ತಾಗಿ ಆರು ತಿಂಗಳಲ್ಲಿ ಉಬ್ಬಿ ಮೆತ್ತಗಾಗಿತ್ತು.

ಒಂದು ವಿಚಿತ್ರ ಕೇಸ್ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಕಲಿಸಿದ್ದನ್ನು ನಾನು ಮರೆತಿಲ್ಲ. ಹಲವು ವರ್ಷಗಳ ಹಿಂದೆ ನನ್ನ ಶೆಡ್ಡಿಗೆ ಹಾಲಿನ ಗಾಡಿ ಒಂದು ಬಂತು. ವಾರದಲ್ಲಿ ಎರಡು ದಿನ ಬೆಳಗ್ಗೆ ಹಿಡಿಯುತ್ತಿರಲಿಲ್ಲ, ಉಳಿದ ದಿನ ಚೆನ್ನಾಗಿತ್ತು. ಬ್ಯಾಟರಿ ಬದಲಾಯಿಸಿದೆ. ಸೆಲ್ಫ್ ಬಿಚ್ಚಿಸಿದೆ. ಆಮೇಲೆ ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ ಕಳಿಸಿದೆ. ದುಡ್ಡು ಕೊಟ್ಟವನು ಆ ಹಾಲಿನ ಹುಡುಗ. ಪಂಪ್ ಕೂರಿಸಿ ಮೂರನೇ ದಿನಕ್ಕೆ ಮತ್ತೆ ಅದೇ. ಕೊನೆಗೆ ಅವನೇ ಹೇಳಿದ, 'ಅಣ್ಣ, ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದ ದಿನ ಮಾತ್ರ ಹಿಂಗೆ ಮಾಡ್ತದೆ' ಅಂತ. ಟ್ಯಾಂಕಿನ ಒಳಗೆ ಡೀಸೆಲ್ ಎಳೆಯುವ ಕಬ್ಬಿಣದ ಪೈಪಿಗೆ ಅರ್ಧದ ಹತ್ತಿರ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಡೀಸೆಲ್ ಅದರ ಮೇಲಿದ್ದಾಗ ಏನೂ ಇಲ್ಲ, ಕೆಳಗಿಳಿದರೆ ಗಾಳಿ. ಆ ಹುಡುಗನ ದುಡ್ಡು ನಾನು ಸುಮ್ನೆ ಖರ್ಚು ಮಾಡಿಸಿದ್ದೆ, ಆ ಬೇಸರ ಇವತ್ತಿಗೂ ಇದೆ. ಅದಕ್ಕೇ ನಿಮಗೂ ಕೇಳುವುದು: ತೊಂದರೆ ಕೊಟ್ಟ ದಿನ ಟ್ಯಾಂಕಿನಲ್ಲಿ ಎಷ್ಟಿತ್ತು, ಗಾಡಿ ಏರಿನಲ್ಲಿ ನಿಂತಿತ್ತಾ ಇಳಿಜಾರಿನಲ್ಲಾ, ರಾತ್ರಿ ಮಳೆ ಇತ್ತಾ, ಇದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮೆಕ್ಯಾನಿಕ್ ಹತ್ತಿರ ಹೋದರೂ ಆ ಪುಸ್ತಕ ಹಿಡಿದು ಹೋಗಿ.

ಟ್ಯಾಂಕ್ ಕಡೆಯ ಅನುಮಾನ ಬಂದರೆ ಟ್ಯಾಂಕ್ ಇಳಿಸೋಕೆ ಹೋಗಬೇಡಿ. ಐದು ಲೀಟರಿನ ಚೊಕ್ಕ ಕ್ಯಾನಿನಲ್ಲಿ ಡೀಸೆಲ್ ಹಾಕಿ, ಎಂಜಿನ್ನಿಗಿಂತ ಮೇಲೆ ಭದ್ರವಾಗಿ ಕಟ್ಟಿ, ಅಲ್ಲಿಂದ ಒಂದು ಪೈಪ್ ಫಿಲ್ಟರಿಗೆ ಕೊಡಿ. ರಿಟರ್ನ್ ಪೈಪ್ ಟ್ಯಾಂಕಿಗೇ ಹೋಗಲಿ. ಸಂಜೆ ಒಮ್ಮೆ ಎಂಜಿನ್ ಓಡಿಸಿ ನಿಲ್ಲಿಸಿ, ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಒಂದೇ ಸೆಲ್ಫಿಗೆ ಹಿಡಿದರೆ ತಪ್ಪು ಟ್ಯಾಂಕಿನಿಂದ ಫಿಲ್ಟರ್ ನಡುವೆ ಎಲ್ಲೋ ಇದೆ. ಕ್ಯಾನ್ ಇಟ್ಟು ರಸ್ತೆಗೆ ಮಾತ್ರ ಇಳಿಯಬೇಡಿ.

ಇನ್ನೊಂದು ಸಣ್ಣ ವಿಷಯ. ನಿಮ್ಮದು ರೋಟರಿ ಪಂಪ್ ಆದರೆ ಅದರ ಮೇಲೆ ಒಂದು ವೈರ್ ಬಂದು ಸೇರುವ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇರಬಹುದು. ಕೀ ಆನ್ ಮಾಡಿದಾಗ ಅದರಿಂದ 'ಟಕ್' ಅಂತ ಶಬ್ದ ಬರಬೇಕು. ಅದು ತೆರೆದರೆ ಮಾತ್ರ ಡೀಸೆಲ್ ಮುಂದೆ ಹೋಗುತ್ತದೆ. ವೈರಿನ ತುದಿ ಸಡಿಲ ಆಗಿ, ಹಸಿರು ಕಿಲುಬು ಹಿಡಿದು ಕೂತಿದ್ದರೂ ಇದೇ ಗೋಳು.

ಈಗ ಬಿಳಿ ಹೊಗೆ ಬಂತು ಅನ್ನೋಣ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಬಿಸಿ ಮಾಡಿದಾಗ ಆ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಸೆಲ್ಫ್ ನಿಧಾನಕ್ಕೆ ತಿರುಗಿಸಿದರೆ ಒತ್ತಿದ ಗಾಳಿಯ ಬಿಸಿ ಸಿಲಿಂಡರ್ ಗೋಡೆಗೇ ಹೋಗಿಬಿಡುತ್ತದೆ. ನಿಮ್ಮಲ್ಲಿ ಡಿಸೆಂಬರ್, ಜನವರಿ ಬೆಳಗಿನ ಚಳಿಗೆ ಇದು ಇನ್ನೂ ಜಾಸ್ತಿ. ಅದಕ್ಕೇ ಬೋರ್ ಹೋಗಿದೆ ಅನ್ನುವ ಮುಂಚೆ ಸೆಲ್ಫ್ ಜೋರಾಗಿ ತಿರುಗುತ್ತಿದೆಯಾ ಅಂತ ನೋಡಬೇಕು.

ಒಂದು ಮಲ್ಟಿಮೀಟರ್ ತಗೊಳ್ಳಿ, ಸಾಧಾರಣದ್ದೇ ಸಾಕು. ರಾತ್ರಿ ನಿಂತ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ಹತ್ತಿರ ತೋರಿಸಬೇಕು. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತಾಗಿದೆ, ಇಲ್ಲಾ ಸೆಲ್ಫ್ ಜಾಸ್ತಿ ಕರೆಂಟ್ ಎಳೆಯುತ್ತಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು, ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಕಡೆ ನೋಡಿ. ಇಷ್ಟನ್ನು ಎಲ್ಲರೂ ನೋಡುತ್ತಾರೆ. ನೋಡದೇ ಬಿಡುವುದು ಅರ್ತಿಂಗ್. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಚೊಕ್ಕ ಲೋಹಕ್ಕೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೇಬಲ್ ಎಲ್ಲೋ ಕೆಟ್ಟಿದೆ. ಹಳೇ ಪಿಕಪ್‌ಗಳಲ್ಲಿ ಎಂಜಿನ್ನಿನಿಂದ ಚಾಸಿಗೆ ಬರುವ ಹೆಣೆದ ಪಟ್ಟಿ ತುಕ್ಕು ಹಿಡಿದು ನಾಲ್ಕೆಳೆ ಉಳಿದಿರುತ್ತದೆ. ಟಿಂಕರಿಂಗ್, ಪೇಂಟಿಂಗ್ ಆದ ಗಾಡಿಯಲ್ಲಿ ಪೇಂಟ್ ಮೇಲೇ ಬೋಲ್ಟ್ ಕೂರಿಸಿರುತ್ತಾರೆ. ಬಿಚ್ಚಿ, ಮರಳು ಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಬ್ಯಾಟರಿ ಕಂಬಕ್ಕೆ ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆಯಿರಿ, ಬ್ಯಾಟರಿ ಒಳಗೆ ಆ ನೀರು ಹೋಗಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೈಯ ಉಂಗುರ, ವಾಚ್ ತೆಗೆದಿಡಿ.

ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಗಾಳಿ ಎಳೆಯುವ ಪೈಪಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ದಯವಿಟ್ಟು ಬೇಡ. ಅದು ಪಿಸ್ಟನ್ ಮೇಲೆ ಬರುವ ಮುಂಚೆಯೇ ಸಿಡಿದು ಪಿಸ್ಟನ್, ಪಿಸ್ಟನ್ ರಿಂಗ್ ಒಡೆಯಬಹುದು. ಕೈ ಸುಟ್ಟುಕೊಂಡವರೂ ಇದ್ದಾರೆ.

ಬ್ಯಾಟರಿ, ಅರ್ತ್ ಎಲ್ಲ ಸರಿ, ಸೆಲ್ಫ್ ಜೋರಾಗಿ ತಿರುಗುತ್ತದೆ, ಆದರೂ ಬಿಳಿ ಹೊಗೆ ಬಿಟ್ಟು ತಡವಾಗಿ ಹಿಡಿಯುತ್ತದೆ ಅಂದರೆ ಆಗ ನಾಝಲ್, ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಕಂಪ್ರೆಷನ್ (ಪಿಸ್ಟನ್ ಗಾಳಿ ಒತ್ತುವ ಪ್ರೆಷರ್) ಕಡೆ ಹೋಗೋಣ. ನಿಮ್ಮ ಎಂಜಿನ್ನಿನಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಇದ್ದರೆ ಮೊದಲು ಅದನ್ನು ನೋಡಿಸಿ. ಹಲವು ಹಳೇ ಡಿಐ (ಸಿಲಿಂಡರಿಗೆ ನೇರವಾಗಿ ಡೀಸೆಲ್ ಚಿಮ್ಮಿಸುವ) ಎಂಜಿನ್ನುಗಳಲ್ಲಿ ಅದು ಇರುವುದೇ ಇಲ್ಲ. ಬೋರಿನ ಅಂದಾಜಿಗೆ ಎಂಜಿನ್ ಬಿಸಿಯಾಗಿ ಐಡಲ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಸಡಿಲ ಮಾಡಿ, ಅದೇ ಬಾಯಿಯ ಮೇಲೆ ಸುಮ್ನೆ ಇಟ್ಟು ನೋಡಿ. ಸ್ವಲ್ಪ ನಡುಗಿದರೆ ಚಿಂತೆ ಇಲ್ಲ. ಮುಚ್ಚಳ ಕುಣಿದು ಬೀಳುವಷ್ಟು ಹೊಗೆ ತಳ್ಳಿದರೆ ಪಿಸ್ಟನ್ ರಿಂಗ್ ಸವೆದಿದೆ. ಜೊತೆಗೆ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬರುತ್ತದೆ. ಹಾಗೂ ಅನುಮಾನ ಉಳಿದರೆ ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರಿನ ಲೆಕ್ಕ ಕಾಗದದಲ್ಲಿ ಬರೆದು ಕೊಡಿ ಅಂತ ಕೇಳಿ. ಆ ನಾಲ್ಕು ಸಂಖ್ಯೆ ನೋಡದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಘಾಟಿಯ ಹೀಟ್ ವಿಷಯಕ್ಕೆ ಬರುತ್ತೇನೆ. ಚಪ್ಪಟೆ ರಸ್ತೆಯಲ್ಲಿ ಮುಳ್ಳು ಸರಿಯಾಗಿದ್ದು ಲೋಡಿನ ಏರಿನಲ್ಲಿ ಮಾತ್ರ ಮೇಲೇಳುತ್ತದೆ ಅಂದರೆ ಸಾಮಾನ್ಯವಾಗಿ ರೇಡಿಯೇಟರ್ ಬಿಸಿಯನ್ನು ಹೊರಗೆ ಹಾಕಲು ಆಗುತ್ತಿಲ್ಲ ಅಂತ ಅರ್ಥ. ನಿಮ್ಮ ತೋಟದ ದಾರಿಯ ಕೆಂಪು ಮಣ್ಣು, ಹುಲ್ಲಿನ ಬೀಜ, ಹುಳ ಎಲ್ಲ ಸೇರಿ ರೇಡಿಯೇಟರ್ ಜಾಲರಿಯಲ್ಲಿ ಗೋಡೆ ಕಟ್ಟಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ. ಜೋರು ಪ್ರೆಷರಿನ ವಾಷರ್ ಬೇಡ, ತೆಳ್ಳಗಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಆಮೇಲೆ ಫ್ಯಾನ್. ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು, ಬಿಸಿ ಇರುವಾಗಲೇ ಫ್ಯಾನ್ ಕೈಯಲ್ಲಿ ತಿರುಗಿಸಿ. ವಿಸ್ಕಸ್ ಫ್ಯಾನ್ (ಒಳಗಿನ ಗಟ್ಟಿ ಆಯಿಲ್ಲಿನ ಹಿಡಿತದಿಂದ ತಿರುಗುವ ಫ್ಯಾನ್) ಆಗಿದ್ದರೆ ಸ್ವಲ್ಪ ಬಿಗಿ ಹಿಡಿಯಬೇಕು. ಒಂದು ತಳ್ಳಿಗೆ ಮೂರು ನಾಲ್ಕು ಸುತ್ತು ತಿರುಗಿದರೆ ಒಳಗಿನ ಸಿಲಿಕೋನ್ ಆಯಿಲ್ ಹೋಗಿದೆ, ಅದು ಬಿಸಿಯಲ್ಲಿ ಗಾಳಿ ಎಳೆಯುವುದಿಲ್ಲ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆಗೆದು ಬಿಸಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದಿಲ್ಲದ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಹೀಟ್ ಇನ್ನೂ ಜಾಸ್ತಿ ಆಗುತ್ತದೆ. ಅನುಮಾನ ಇದ್ದರೆ ಬಿಚ್ಚಿ, ಬೇಡದ ಪಾತ್ರೆಯಲ್ಲಿ ನೀರಿಟ್ಟು ಒಲೆ ಮೇಲೆ ಕಾಯಿಸಿ. ಥರ್ಮಾಮೀಟರ್ ಒಂದು ಜೊತೆಗಿರಲಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಹತ್ತಿರ ಬಾಯಿ ಬಿಡಲು ಶುರು ಮಾಡಬೇಕು. ನೀರು ಕುದಿಯುವ ಹೊತ್ತಿಗೂ ಬಿಡದಿದ್ದರೆ ಬದಲಾಯಿಸಿ.

ರೇಡಿಯೇಟರ್ ಮುಚ್ಚಳವನ್ನು ಬರೀ ಮುಚ್ಚಳ ಅಂತ ನೋಡಬೇಡಿ. ಅದು ಪ್ರೆಷರ್ ಹಿಡಿದಿಟ್ಟುಕೊಂಡರೆ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. 0.9 ಬಾರ್ ಮುಚ್ಚಳದಲ್ಲಿ ಸುಮಾರು 120ರ ತನಕ ತಡೆಯುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ ಘಾಟಿಯಲ್ಲಿ ಮೊದಲು ಕೈಕೊಡುವುದು ಅದೇ. ಬಿಸಿ ಇರುವಾಗ ಆ ಮುಚ್ಚಳ ಮುಟ್ಟಬೇಡಿ, ಮುಖಕ್ಕೇ ಹಾರುತ್ತದೆ. ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಒಳಗೆ ಸುಣ್ಣ ಕಟ್ಟುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬಸಿದ ಹಳೇ ಕೂಲೆಂಟ್ ಅಂಗಳದಲ್ಲಿ ಇಡಬೇಡಿ. ಅದು ಸಿಹಿ ಇರುತ್ತದೆ, ನಾಯಿ ದನ ನೆಕ್ಕಿದರೆ ಸಾಯುತ್ತವೆ.

ಇದೆಲ್ಲ ಆದ ಮೇಲೂ ಹೀಟ್ ನಿಲ್ಲದಿದ್ದರೆ, ತಣ್ಣಗಿನ ಎಂಜಿನ್ನಿನಲ್ಲಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ರೇಡಿಯೇಟರ್ ಬಾಯಿ ನೋಡಿ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಕೂಲೆಂಟ್ ಸೋರದೇ ಕಡಿಮೆಯಾಗುತ್ತಿದ್ದರೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಜಾಸ್ತಿ. ಅದು ಶೆಡ್ ಕೆಲಸ. ಅಲ್ಲಿಯ ತನಕ ಲೋಡ್ ಹಾಕಬೇಡಿ. ಏರಿನಲ್ಲಿ ಮುಳ್ಳು ಏಳತೊಡಗಿದರೆ ಒಂದು ಗೇರ್ ಕೆಳಗೆ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಬಿಡಿ. ಎಂಜಿನ್ ಚುರುಕಾಗಿ ತಿರುಗಿದರೆ ಫ್ಯಾನ್, ವಾಟರ್ ಪಂಪ್ ಕೂಡ ಚುರುಕಾಗುತ್ತವೆ. ಆದರೂ ಇಳಿಯದಿದ್ದರೆ ಜಾಗ ನೋಡಿ ನಿಲ್ಲಿಸಿ ಐಡಲ್‌ನಲ್ಲಿ ಬಿಡಿ. ಹಬೆ ಹಾರುತ್ತಿದ್ದರೆ ಮಾತ್ರ ತಕ್ಷಣ ಎಂಜಿನ್ ಆಫ್ ಮಾಡಿ.

ನೀವು ಕೇಳದಿದ್ದರೂ ಘಾಟಿ ಇಳಿಯುವ ಮಾತು ಹೇಳಲೇಬೇಕು. ಡೀಸೆಲ್ ಉಳಿಸಲು ಘಾಟಿಯ ಮೇಲಿನ ಕೊಟ್ಟಿಗೆಹಾರ ದಾಟಿದ ಮೇಲೆ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಡೀಸೆಲ್ ಗಾಡಿಯಲ್ಲಿ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪ್ ಎಂಜಿನ್ ಓಡಿದರೆ ಮಾತ್ರ ಓಡುತ್ತದೆ, ಎಷ್ಟೋ ಗಾಡಿಗಳಲ್ಲಿ ಅದು ಡೈನಮೋ ಬೆನ್ನಿಗೇ ಇರುತ್ತದೆ. ಎಂಜಿನ್ ನಿಂತರೆ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಹತ್ತುವಾಗ ಹಾಕಿದ ಗೇರಲ್ಲೇ ಇಳಿಯಿರಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಅದು ಗಾಳಿಯ ನೀರಿನಂಶ ಹೀರಿಕೊಳ್ಳುತ್ತದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕುದಿಯುವುದು 205 ಡಿಗ್ರಿಗೆ, ನೀರು ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಘಾಟಿ ಅರ್ಧ ಇಳಿದ ಮೇಲೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾದರೆ ಆಯಿಲ್ ಒಳಗೆ ಕುದಿಯುತ್ತಿದೆ ಅಂತಲೇ ತಿಳಿಯಿರಿ. ಬ್ರೇಕ್ ಪೈಪ್ ಬಿಚ್ಚುವ ಕೆಲಸ ಗೊತ್ತಿರುವವರಿಂದಲೇ ಮಾಡಿಸಿ. ಇಲ್ಲಿ ಮನೆಯಲ್ಲಿ ಕಲಿಯೋಕೆ ಹೋಗಬಾರದು.

ಗಾಡಿಯ ಕೆಳಗೆ ಮಲಗುವ ಕೆಲಸ ಇದ್ದರೆ ಬರೀ ಜಾಕ್ ನಂಬಬೇಡಿ. ಚಾಸಿಗೆ ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ. ನಾಝಲ್ ಪೈಪಿನ ಸೋರಿಕೆಯನ್ನು ಎಂಜಿನ್ ಓಡುವಾಗ ಬೆರಳಿಟ್ಟು ನೋಡಬೇಡಿ. ಆ ಪ್ರೆಷರಿನ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಗಾಯ ಸಣ್ಣದಾಗಿ ಕಂಡರೂ ಕೈ ಕಳೆದುಕೊಳ್ಳಬೇಕಾಗಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾನು ಮೇಲೆ ಹೇಳಿದ್ದೆಲ್ಲ ಮೆಕ್ಯಾನಿಕಲ್ ಪಂಪಿನ ಗಾಡಿಗೆ. ಕಾಮನ್ ರೇಲ್ (ಎಲೆಕ್ಟ್ರಾನಿಕ್ ಡೀಸೆಲ್ ವ್ಯವಸ್ಥೆಯ) ಗಾಡಿ ಇರುವವರು ಅದರ ಹೈ ಪ್ರೆಷರ್ ಪೈಪ್ ಸಡಿಲಿಸಲು ಹೋಗಬೇಡಿ.

ಇಟ್ಟುಕೊಳ್ಳಲಾ, ಕೊಟ್ಟುಬಿಡಲಾ ಅಂದಿರಿ. ಅದಕ್ಕೆ ಎಂಜಿನ್ ನೋಡಬೇಡಿ, ಚಾಸಿ ನೋಡಿ. ಎಂಜಿನ್ ಮತ್ತೆ ಕಟ್ಟಬಹುದು, ಕೊಳೆತ ಚಾಸಿಗೆ ದುಡ್ಡು ಹಾಕಿ ಪ್ರಯೋಜನ ಇಲ್ಲ. ಪೊಟ್ಯಾಷ್ ಗೊಬ್ಬರ, ಕೋಳಿ ಗೊಬ್ಬರ ಹೊತ್ತ ಗಾಡಿಗಳು ಕೆಳಗಿನಿಂದಲೇ ಸಾಯುತ್ತವೆ. ಪೊಟ್ಯಾಷ್ ಒಂದು ರೀತಿಯ ಉಪ್ಪೇ. ಅದರ ಪುಡಿ ಬಾಡಿ ಸಂದಿಯಿಂದ ಇಳಿದು ಚಾಸಿ ಮೇಲೆ ಕೂತು, ಮಲೆನಾಡಿನ ಮಳೆಗೆ ನೆನೆದರೆ ಕಬ್ಬಿಣವನ್ನು ತಿನ್ನುತ್ತದೆ. ಸಣ್ಣ ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ 'ಠಣ್' ಅನ್ನುತ್ತದೆ. 'ದಬ್' ಅಂತ ಮಂಕು ಶಬ್ದ ಬಂದ ಕಡೆ ದಪ್ಪ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳ ಬ್ರಾಕೆಟ್ ಚಾಸಿಗೆ ಸೇರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗ, ಈ ಎರಡು ಕಡೆ ಪದರ ಎದ್ದಿದ್ದರೆ, ಬಿರುಕು ಕಂಡರೆ ಗಾಡಿ ಕೊಟ್ಟುಬಿಡಿ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸರಿ. ಅಲ್ಲೆಲ್ಲ ಗಟ್ಟಿ ಇದ್ದರೆ ನನ್ನ ಮಾತು ಇಟ್ಟುಕೊಳ್ಳಿ ಅಂತಲೇ. ಗೊಬ್ಬರ ಇಳಿಸಿದ ದಿನವೇ ಕೆಳಗೆಲ್ಲ ನೀರು ಹೊಡೆದು ತೊಳೆಯಿರಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ, ಪ್ಲೇಟ್ ಶ್ಯಾಕಲ್‌ಗಳಿಗೆ ನಿಪ್ಪಲ್ ಒರೆಸಿ ಗ್ರೀಸ್ ಹೊಡೆಯಿರಿ, ಹಳೇ ಗ್ರೀಸ್ ಹೊರಗೆ ಬರುವ ತನಕ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಹೇಗೂ ವರ್ಷಕ್ಕೊಮ್ಮೆ ಮಾಡಿಸುತ್ತೀರಿ, ಅದಕ್ಕೆ ಹೋಗುವ ಮುಂಚೆ ಈ ಸುತ್ತಿಗೆ ಪರೀಕ್ಷೆ ಒಮ್ಮೆ ಆಗಿಬಿಡಲಿ.

ಈ ವಾರ ಮೂರು ಬೆಳಗ್ಗೆ ನೋಡಿ ನನಗೆ ಬರೆಯಿರಿ: ಹೊಗೆ ಬಂತಾ ಇಲ್ವಾ, ಹ್ಯಾಂಡ್ ಪಂಪ್ ಎಷ್ಟು ಸಲ ಒತ್ತಿದ ಮೇಲೆ ಗಟ್ಟಿಯಾಯಿತು, ಟ್ಯಾಂಕಿನಲ್ಲಿ ಎಷ್ಟಿತ್ತು.